ಶಾರ್ಶೆನ್ ನೆಟ್ಟ ಉತ್ತರ ಧ್ರುವ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ನಡುರಾತ್ರಿ ಕಳೆದ ಮೇಲೆ ಈ ಸದ್ದು ಶಾರ್ಶೆನ್‌ನ ಕಿವಿಗೆ ಬಿತ್ತು. ಇಲಿ ಇರಲಾರದು, ಇಲಿಗೆ ಇಷ್ಟು ಶಿಸ್ತು ಇರುವುದಿಲ್ಲ. ಕಳ್ಳನೂ ಇರಲಾರ, ಶಿಶುಶಾಲೆಯ ಆ ಉಣ್ಣೆಯ ಗುಡಾರದಲ್ಲಿ ಒಂಬತ್ತು ಪುಟ್ಟ ಹಾಸಿಗೆ, ಒಂಬತ್ತು ಬಟ್ಟಲು, ಚಹಾ ಕಾಯಿಸುವ ಒಂದು ಹಿತ್ತಾಳೆಯ ಸಮೋವಾರ್ ಬಿಟ್ಟರೆ ಕದಿಯಲು ಉಳಿದದ್ದು ಕಾವಲುಗಾರ ಶಾರ್ಶೆನ್ ಒಬ್ಬನೇ. ಅವನನ್ನು ಯಾರೂ ಒಯ್ಯುವುದಿಲ್ಲವೆಂದು ಹೆಂಡತಿ ಬುರುಲ್ ಮೂವತ್ತು ವರ್ಷಗಳಿಂದ ಭರವಸೆ ಕೊಡುತ್ತ ಬಂದಿದ್ದಳು.

ಎದ್ದು ನೋಡಿದರೆ, ನೆತ್ತಿಯ ಬೆಳಕಿಂಡಿಯ ಮೇಲಿನ ಉಣ್ಣೆಹೊದಿಕೆ ಗಾಳಿಗೆ ಜಾರಿತ್ತು. ಅದರ ಹಗ್ಗದ ಗಂಟು ಗೋಡೆಯ ಮರದ ಜಾಲರಿಗೆ ತಾಗಿ ಸದ್ದು ಮಾಡುತ್ತಿತ್ತು. ಹಗ್ಗ ಕಟ್ಟಿದ. ಒಲೆಯ ಪಕ್ಕದ ಹಾಸಿಗೆಗೆ ಮರಳಲು ಸೋಮಾರಿತನವಾಗಿ ಬಾಗಿಲ ಬಳಿಯೇ ಉರುಳಿಕೊಂಡ. ಅಲ್ಲಿಂದ ಮೇಲೆ ನೋಡಿದಾಗ ಬೆಳಕಿಂಡಿಯ ಅಂಚಿನಲ್ಲಿ ಕಬ್ಬಿಣದ ಗೂಟ ಕಂಡಿತು. ಉತ್ತರದ ಆ ನಕ್ಷತ್ರಕ್ಕೆ ಅವರ ಕಡೆ ಹಾಗೇ ಹೆಸರು. ಮಿಕ್ಕ ನಕ್ಷತ್ರಗಳೆಲ್ಲ ಅದಕ್ಕೆ ಕಟ್ಟಿದ ಕುದುರೆಗಳು, ರಾತ್ರಿಯಿಡೀ ಅದನ್ನೇ ಸುತ್ತಿ ಮೇಯುತ್ತವೆ. ಗೂಟದ ಎಡಕ್ಕೆ ಒಂದು ಹೊಳೆಯುವ ಕುದುರೆ ಇತ್ತು. ಒಂದು ಜೊಂಪು ಕಳೆದು ಕಣ್ಣು ಬಿಟ್ಟಾಗ ಅದು ಬೆಳಕಿಂಡಿಯ ಒಂದು ಪಟ್ಟಿಯನ್ನು ದಾಟಿ ಇನ್ನೊಂದರ ಬಳಿ ನಿಂತಿತ್ತು. ಗೂಟ ಮಾತ್ರ ಗೂಟದ ಜಾಗದಲ್ಲೇ.

ಇದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಆದರೆ ಅಂದು ಅಂಗಾತ ಮಲಗಿದ್ದವನಿಗೆ ಇದ್ದಕ್ಕಿದ್ದಂತೆ ಒಂದು ಸಂಗತಿ ಹೊಳೆಯಿತು: ಮೇಯುತ್ತಿರುವುದು ಕುದುರೆಗಳಲ್ಲ, ತಾನು. ತಾನು, ಈ ಗುಡಾರ, ಹೊಳೆ, ಮಂದೆ, ಬುರುಲ್ ಸಮೇತ ಇಡೀ ಬೆಟ್ಟ ತಿರುಗುತ್ತಿದೆ. ಐವತ್ತೆಂಟು ವರ್ಷ ಭೂಮಿಯ ಮೇಲೆ ನಿಶ್ಚಿಂತೆಯಿಂದ ಮಲಗಿದ್ದವನಿಗೆ ಮೊದಲ ಸಲ ಉರುಳಿ ಬೀಳುವ ಭಯವಾಯಿತು. ಜಾಲರಿಯ ಒಂದು ಕಡ್ಡಿಯನ್ನು ಹಿಡಿದುಕೊಂಡೇ ನಿದ್ದೆ ಹೋದ.

ಈ ಜ್ಞಾನ ಬೇರೆ ಯಾವ ರಾತ್ರಿ ಬಂದಿದ್ದರೂ ಯಾರಿಗೂ ತೊಂದರೆ ಇರಲಿಲ್ಲ. ಮರುದಿನ ಗುರುವಾರ. ಗೋಡೆಗೆ ಸಿಕ್ಕಿಸಿದ ಪಾಠಪಟ್ಟಿಯಲ್ಲಿ ಗುರುವಾರದ ಎದುರು, 'ಭೂಮಿ ಹೇಗೆ ಚಲಿಸುತ್ತದೆ' ಎಂದು ಬರೆದು ಪಕ್ಕದಲ್ಲೊಂದು ಉಂಡೆಯ ಚಿತ್ರ ಬಿಡಿಸಿತ್ತು. ಬರೆದವಳು ಶಾಲೆಯ ಶಿಕ್ಷಕಿ, ಶಾರ್ಶೆನ್‌ನ ಸೊಸೆ ಜಿಪಾರ್. ಅವಳಿಗೆ ಬುಧವಾರ ಸಂಜೆಯಿಂದ ದವಡೆ ಹಲ್ಲಿನ ನೋವೆದ್ದು, ಕೆನ್ನೆ ರೊಟ್ಟಿಯಂತೆ ಉಬ್ಬಿತ್ತು. ಬೆಳಗಿನ ಜಾವದ ಹಾಲಿನ ಲಾರಿಯಲ್ಲಿ ಕೆಳಗಿನ ಪಟ್ಟಣಕ್ಕೆ ಹೊರಟಿದ್ದಳು. ಹೊರಡುವಾಗ ಮಾವನಿಗೆ ಹೇಳಿದ್ದು ಇಷ್ಟೇ:

"ಮಾವ, ಹಾಲು ಕೊಡಿ, ರೊಟ್ಟಿ ಕೊಡಿ, ಮಧ್ಯಾಹ್ನ ಮಲಗಿಸಿ. ಪಾಠ ಮಾಡ್ಬೇಡಿ."

ಕೊನೆಯ ಎರಡು ಪದಗಳನ್ನು ಆ ನೋವಿನಲ್ಲೂ ಅವಳು ಬಹಳ ಸ್ಪಷ್ಟವಾಗಿ ಉಚ್ಚರಿಸಿದ್ದಳು.

ಅವಳ ಆತಂಕಕ್ಕೆ ಕಾರಣವಿತ್ತು. ಹೋದ ಬೇಸಿಗೆ ಈ ಹುಲ್ಲುಗಾವಲಿನಲ್ಲಿ ಶಾಲೆ ಇರಲಿಲ್ಲ. ಹೆಂಗಸರು ದಿನಕ್ಕೆ ಐದಾರು ಸಲ ಕುದುರೆಗಳ ಹಾಲು ಕರೆಯಲು ಹೋದರೆ ಮಕ್ಕಳು ಹೊಳೆಯ ದಂಡೆಯಲ್ಲಿರುತ್ತಿದ್ದವು. ಒಂದು ದಿನ ಮೀರಿಮ್ ಎಂಬ ಹುಡುಗಿಯ ತಮ್ಮನನ್ನು ಹೊಳೆ ಇನ್ನೂರು ಹೆಜ್ಜೆ ಒಯ್ದಿತು. ಆಚೆ ದಡದ ಎಸೆನ್‌ಕುಲ್ ಕೂದಲು ಹಿಡಿದು ಮೇಲಕ್ಕೆಳೆದ. ಮಗು ಬದುಕಿತು, ಆದರೆ ಆಮೇಲೆ ಜಿಪಾರ್‌ಗೆ ನಿದ್ದೆ ಹತ್ತಲಿಲ್ಲ. ಚಳಿಗಾಲದಲ್ಲಿ ನಾಲ್ಕು ಸಲ ಜಿಲ್ಲಾ ಕಚೇರಿಗೆ ಅಲೆದು, ಒಂದೇ ಒಂದು ಬೇಸಿಗೆಯ ಮಟ್ಟಿಗೆ, ನೋಡೋಣವೆಂಬ ಷರತ್ತಿನ ಮೇಲೆ, ಶಿಶುಶಾಲೆಗೆ ಅನುಮತಿ ತಂದಿದ್ದಳು. ಮುಂದಿನ ಬೇಸಿಗೆಗೂ ಅದು ಇರಬೇಕೋ ಬೇಡವೋ ಎಂಬುದನ್ನು ಕಚೇರಿಯ ತನಿಖಾಧಿಕಾರಿ ಒಮ್ಮೆ ಬಂದು ನೋಡಿ ಒಂದು ಹಾಳೆಯಲ್ಲಿ ಬರೆಯಬೇಕು. ಅಧಿಕಾರಿ ಯಾವ ದಿನ ಬರುತ್ತಾರೆಂದು ಕಚೇರಿ ತಿಳಿಸಿರಲಿಲ್ಲ.

ಶಾರ್ಶೆನ್ ನಿಜವಾಗಿ ಹಾಲು, ರೊಟ್ಟಿಯಿಂದಲೇ ಆರಂಭಿಸಿದ. ಆದರೆ ಆರು ವರ್ಷದ ಮೀರಿಮ್, ಮಕ್ಕಳಲ್ಲೆಲ್ಲ ದೊಡ್ಡವಳು, ಮೀಸೆಯಂತೆ ಅಂಟಿದ ಹಾಲನ್ನು ಒರೆಸಿಕೊಂಡು ಪಟ್ಟಿಯ ಕಡೆ ಬೆರಳು ಮಾಡಿದಳು. ಇವತ್ತು ಉಂಡೆಯ ದಿನ ಎಂದಳು. ಟೀಚರ್ ನಾಳೆ ಹೇಳಿಕೊಡುತ್ತಾರೆ ಎಂದುಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಆದರೆ ಅಷ್ಟರಲ್ಲಿ ಒಬ್ಬ ಹುಡುಗ, ತಾತನಿಗೆ ಗೊತ್ತಿರಲ್ಲ ಬಿಡೇ ಅಂದ. ಶಾರ್ಶೆನ್ ಯೌವನದಲ್ಲಿ ನಗರದ ಟ್ರ್ಯಾಕ್ಟರ್ ಶಾಲೆಯಲ್ಲಿ ಎರಡು ವರ್ಷ ಓದಿದವನೆಂದು ಇಡೀ ಹುಲ್ಲುಗಾವಲಿಗೆ ಗೊತ್ತಿತ್ತು. ಓದಿದ್ದು ಏಳು ವಾರ, ಆ ಏಳು ವಾರವೂ ಟ್ರ್ಯಾಕ್ಟರ್ ರಿಪೇರಿಯಲ್ಲಿತ್ತು ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಅಂಥ ವಿದ್ಯಾವಂತನ ಮಾನದ ಪ್ರಶ್ನೆ ಬಂದಾಗ ಸೊಸೆಯ ಮಾತು ಹಿಂದೆ ಸರಿಯಿತು.

ಸಮೋವಾರನ್ನು ಎದುರಿಗೆ ಇಟ್ಟು, ಇದು ಸೂರ್ಯ ಎಂದ. ಬಿಸಿಯಾಗಿತ್ತು, ಹೊಳೆಯುತ್ತಿತ್ತು, ಮಕ್ಕಳು ಒಪ್ಪಿಕೊಂಡರು. ಒಣ ಮೊಸರಿನ ಒಂದು ಉಂಡೆಯನ್ನು ಬೆರಳಲ್ಲಿ ಹಿಡಿದು, ಇದು ಭೂಮಿ ಎಂದ. ಅದನ್ನೂ ಒಪ್ಪಿಕೊಂಡರು. ಭೂಮಿಯನ್ನು ಕೆಳಗಿಟ್ಟು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಅನುಮಾನದ ಹುಡುಗ ಅದನ್ನು ಬಾಯಿಗೆ ಹಾಕಿಕೊಂಡು, ಭೂಮಿ ಉಪ್ಪುಪ್ಪಾಗಿದೆ ಎಂದು ವರದಿ ಮಾಡಿದ. ಎರಡನೆಯ ಭೂಮಿಗೂ ಅದೇ ಗತಿ. ಮೂರನೆಯದಕ್ಕಾಗಿ ಜಗಳವೇ ಆಯಿತು. ತಿನ್ನಲು ಬಾರದ ಭೂಮಿ ಬೇಕೆಂದು ಮನಗಂಡ ಶಾರ್ಶೆನ್, ಮಕ್ಕಳನ್ನೇ ಭೂಮಿ ಮಾಡಿದ. ಒಂಬತ್ತು ಜನ ಬೆನ್ನಿಗೆ ಬೆನ್ನು ಕೊಟ್ಟು, ಮುಖ ಹೊರಗೆ ಮಾಡಿ, ಕೈ ಕೈ ಹಿಡಿದು ನಿಂತು ನಿಧಾನ ತಿರುಗಬೇಕು. ಸಮೋವಾರ್ ಎದುರಿಗೆ ಬಂದವರಿಗೆ ಹಗಲು, ಕಣ್ಣು ಬಿಡಬೇಕು. ಸಮೋವಾರಿಗೆ ಬೆನ್ನು ಹಾಕಿದವರಿಗೆ ರಾತ್ರಿ, ಕಣ್ಣು ಮುಚ್ಚಬೇಕು.

ಇದು ಬಹಳ ಚೆನ್ನಾಗಿ ನಡೆಯಿತು ಎಂಬುದನ್ನು ಹೇಳಲೇಬೇಕು. ಅರ್ಧ ಭೂಮಿ ಗೊರಕೆ ಹೊಡೆಯುತ್ತಿತ್ತು, ಅರ್ಧ ಭೂಮಿ ಆಕಳಿಸಿ ಏಳುತ್ತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಮೀರಿಮ್ ಮಾತ್ರ, ನಾವು ಯಾವುದರ ಸುತ್ತ ತಿರುಗುತ್ತಿದ್ದೇವೆ, ನಡುವೆ ಏನೂ ಇಲ್ಲವಲ್ಲ ಎಂದಳು. ಶಾರ್ಶೆನ್‌ಗೆ ರಾತ್ರಿಯ ಗೂಟ ನೆನಪಾಯಿತು.

ಬೆಳಕಿಂಡಿಯ ಚೌಕಟ್ಟನ್ನು ಮೇಲೆತ್ತಲು ಬಳಸುವ ಉದ್ದನೆಯ ಕವಲುಗೋಲು ಮೂಲೆಯಲ್ಲಿತ್ತು. ಅದನ್ನು ನೆಲದ ನಡುವೆ ಊರಿ, ರಾತ್ರಿ ಗೂಟ ಕಂಡಿದ್ದ ಕಡೆಗೆ ವಾಲಿಸಿ, ಬೆಳಕಿಂಡಿಯಿಂದ ಹೊರಕ್ಕೆ ತೂರಿಸಿ ಬಿಗಿದು ಕಟ್ಟಿದ. ಇದು ಭೂಮಿಯ ನಡುಗೋಲು, ಇದರ ತುದಿ ಸೀದಾ ಕಬ್ಬಿಣದ ಗೂಟಕ್ಕೆ ಗುರಿ ಎಂದ. ತುದಿಯಲ್ಲಿ ಏನಿದೆ ಎಂದು ಹುಡುಗ ಕೇಳಿದ. ಉತ್ತರ ಧ್ರುವ, ಬರೀ ಹಿಮ. ಎಲ್ಲಿ ಹಿಮ, ಕಾಣಿಸುತ್ತಿಲ್ಲ ಎಂದರು. ಶಾರ್ಶೆನ್ ಹೊರಗೆ ಹೋದ. ಹಗ್ಗದ ಮೇಲೆ ಬುರುಲ್‌ಳ ಬಿಳಿಯ ತಲೆವಸ್ತ್ರ ಒಣಗುತ್ತಿತ್ತು. ಒಳಗೆ ಬಂದು ಕೋಲನ್ನು ಇಳಿಸಿ, ತುದಿಗೆ ಅದನ್ನು ಕಟ್ಟಿ, ಮತ್ತೆ ತೂರಿಸಿದ. ಒಳಗಿದ್ದ ಮಕ್ಕಳಿಗೆ ಈಗಲೂ ಏನೂ ಕಾಣಿಸಲಿಲ್ಲ. ಪಾಠಕ್ಕೆ ಚೂರೂ ಉಪಯೋಗವಿಲ್ಲದ ಆ ಬಟ್ಟೆ ಹೊರಗೆ, ಬೆಟ್ಟದ ಗಾಳಿಯಲ್ಲಿ, ಮೂರು ಕಣಿವೆಗಳಿಗೆ ಕಾಣುವಂತೆ ಪಟಪಟ ಹಾರತೊಡಗಿತು.

ಗುಡಾರಕ್ಕೆ ಹೊರಮೈ ಕೂಡ ಇರುತ್ತದೆ ಎಂಬುದನ್ನು ಆ ಹೊತ್ತು ಅವನು ಮರೆತಿದ್ದ. ಗುಡಾರದ ನೆತ್ತಿಯಿಂದ ವಾಲಿದ ಕೋಲಿನಲ್ಲಿ ಬಾವುಟ ಹಾರಿದರೆ ಆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಎಳೆಯ ವಯಸ್ಸಿನವರಿಗೆ ಕೆಂಪು, ನಡುವಯಸ್ಸಿನವರಿಗೆ ಕಪ್ಪು, ತುಂಬು ಬಾಳು ಬಾಳಿದ ಹಿರಿಯರಿಗೆ ಬಿಳಿ. ಕೆಳಗಿನ ಊರುಗಳಲ್ಲಿ ಈ ಪದ್ಧತಿ ಯಾವಾಗಲೋ ಬಿಟ್ಟುಹೋಗಿದೆ. ಮೇಲಿನ ಹುಲ್ಲುಗಾವಲಿನಲ್ಲಿ ಫೋನೂ ತಾಗುವುದಿಲ್ಲ, ಪದ್ಧತಿಯೂ ಬಿಟ್ಟುಹೋಗಿಲ್ಲ.

ಹೊಳೆಯಾಚೆ ಕುರಿ ಎಣಿಸುತ್ತಿದ್ದ ಎಸೆನ್‌ಕುಲ್ ತಲೆಯೆತ್ತಿ ಬಿಳಿ ಕಂಡ. ಈ ಕಡೆ ದಂಡೆಯಲ್ಲಿ ತುಂಬು ಬಾಳು ಬಾಳಿದವರು ಒಬ್ಬರೇ, ಎಂಬತ್ತೊಂದರ ತುರ್ದುಬೈ ಅಜ್ಜ, ಶಾರ್ಶೆನ್‌ನ ದೊಡ್ಡಪ್ಪನಾಗಬೇಕು. ಎಸೆನ್‌ಕುಲ್ ಎಣಿಕೆ ಬಿಟ್ಟ, ಕುದುರೆ ಏರಿದ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ.

ಶಾಲೆಯೊಳಗೆ ಭೂಮಿ ಮೂರನೆಯ ದಿನವನ್ನು ಮುಗಿಸುತ್ತಿದ್ದಾಗ ಗೊರಸಿನ ಸದ್ದು ಕೇಳಿತು. ಅದರ ಹಿಂದೆಯೇ, ಕುದುರೆ ಓಡಿಸುತ್ತಲೇ ಗಂಡಸರು ಅಳುವ ದನಿ: ನನ್ನ ಎತ್ತರದ ಬೆಟ್ಟವೇ, ನನ್ನ ಬೆನ್ನಿನ ಆಸರೆಯೇ. ಮಕ್ಕಳು ಹೆದರಬಾರದೆಂದು ಶಾರ್ಶೆನ್, ಈಗ ಎಲ್ಲರಿಗೂ ರಾತ್ರಿ, ನಾನು ಹೇಳುವ ತನಕ ಕಣ್ಣು ಮುಚ್ಚಿ ನಿಂತಿರಿ ಎಂದು ಹೇಳಿ ಹೊರಗೋಡಿದ.

ಏಳೆಂಟು ಸವಾರರು ಇಳಿದು ತೋಳು ಚಾಚಿ ಅವನತ್ತ ಬರುತ್ತಿದ್ದರು. ಯಾರು ಸತ್ತರು ಎಂದು ಕೇಳುವುದು ಅಲ್ಲಿ ಆಗುವ ಕೆಲಸವಲ್ಲ. ಮೊದಲು ಅಳಬೇಕು, ಅಪ್ಪಿಕೊಳ್ಳಬೇಕು, ಕೈ ತೊಳೆದು ಕೂರಬೇಕು. ಮಾತು ಅದಾದ ಮೇಲೆ. ಎಸೆನ್‌ಕುಲ್ ಅವನನ್ನು ಅಪ್ಪಿಕೊಂಡು ಅತ್ತ. ಶಾರ್ಶೆನ್‌ನ ತಲೆ ವೇಗವಾಗಿ ಓಡಿತು. ಬೆಟ್ಟ ಎನ್ನುತ್ತಿದ್ದಾರೆ, ಅಂದರೆ ಹಿರಿಯರು. ತನ್ನನ್ನು ಹುಡುಕಿಕೊಂಡು ಬಂದಿದ್ದಾರೆ, ಅಂದರೆ ತನ್ನ ಕಡೆಯವರು. ತುರ್ದುಬೈ ದೊಡ್ಡಪ್ಪನನ್ನು ನಿನ್ನೆ ಸಂಜೆಯಿಂದ ತಾನು ಕಂಡಿಲ್ಲ. ಅವರ ಉಣ್ಣೆ ಕತ್ತರಿಸುವ ಕತ್ತರಿ ಹೋದ ವರ್ಷದಿಂದ ತನ್ನಲ್ಲೇ ಇದೆ, ನಿನ್ನೆ ಕೂಡ ಕೇಳಿದ್ದರು, ನಾಳೆ ಕೊಡ್ತೀನಿ ಅಂದಿದ್ದ. ಅವನ ಅಳು ಮಿಕ್ಕವರ ಅಳುವಿಗಿಂತ ಎತ್ತರಕ್ಕೆ ಹೋಯಿತು. ಅದನ್ನು ಕೇಳಿ ಎಸೆನ್‌ಕುಲ್‌ಗೆ ಇದ್ದ ಅಷ್ಟಿಷ್ಟು ಅನುಮಾನವೂ ಹೋಯಿತು.

ಹತ್ತಿರದ ನೆಂಟರು ಬಾಗಿಲ ಬಳಿ ಕೋಲಿಗೆ ಒರಗಿ ನಿಂತು ಅಳುವುದು ವಾಡಿಕೆ. ಶಾರ್ಶೆನ್ ಒಂದು ಕೋಲು ಹುಡುಕಿ ಒರಗಿದ. ಹಾಲಿನ ಚರ್ಮದ ಬಿಂದಿಗೆ ಹಿಡಿದು ಬಂದ ಬುರುಲ್, ಗಂಡ ಕೋಲಿಗೊರಗಿ ಅಳುವುದನ್ನು ನೋಡಿ, ಬಿಂದಿಗೆ ಇಳಿಸಿ, ತಾನೂ ಅಳುತ್ತಲೇ ದೊಡ್ಡ ಕಡಾಯಿ ಒಲೆಗೇರಿಸಲು ಹೋದಳು. ಸಾವಿಗೆ ಬಂದವರನ್ನು ಉಪವಾಸ ಕಳಿಸುವಂತಿಲ್ಲ. ಎರಡನೆಯ ಕಣಿವೆಯವರು ಬಂದರು. ಹತ್ತು ಜನ, ಹದಿನೈದು ಜನ. ಹೊಸಬರು ಬಂದಾಗಲೆಲ್ಲ ಅಳು ಹೊಸದಾಗಿ ಏರುತ್ತಿತ್ತು, ಮತ್ತು ಪ್ರತಿಯೊಬ್ಬನಿಗೂ ತನ್ನ ಹೊರತು ಎಲ್ಲರಿಗೂ ವಿವರ ಗೊತ್ತಿದೆ ಎಂಬ ನಂಬಿಕೆಯಿತ್ತು.

ಆಗ ಆಚೆಯ ಗುಡಾರದಿಂದ, ಬೆಳಗಿನ ಕುದುರೆಹಾಲು ಕುಡಿದು ಮಲಗಿದ್ದ ತುರ್ದುಬೈ ಅಜ್ಜ, ಗದ್ದಲಕ್ಕೆ ಎಚ್ಚರವಾಗಿ ಹೊರಬಂದರು. ಸಾವು ಎಂಬುದು ಅವರಿಗೂ ಅರ್ಥವಾಯಿತು. ಟೋಪಿ ಸರಿಪಡಿಸಿಕೊಂಡು, ಊರುಗೋಲು ಊರುತ್ತ, ಹಿರಿಯರಿಗೆ ತಕ್ಕ ಗಂಭೀರ ದನಿಯಲ್ಲಿ, ನನ್ನ ತಮ್ಮನೇ, ನನಗಿಂತ ಮೊದಲೇ ಹೋದೆಯಾ ಎಂದು ಅಳುತ್ತ ಬಂದು ಸಾಲಿನಲ್ಲಿ ನಿಂತರು.

ಅಳು ಒಬ್ಬೊಬ್ಬರಾಗಿ ನಿಂತಿತು. ಕೊನೆಗೆ ಅಳುತ್ತಿದ್ದವರು ಅಜ್ಜ ಒಬ್ಬರೇ. ಅವರೂ ನಿಲ್ಲಿಸಿ, ಶಾರ್ಶೆನ್‌ನ ಕಿವಿಗೆ ಬಾಗಿ ಮೆಲ್ಲಗೆ ಕೇಳಿದರು:

"ಯಾರಪ್ಪಾ ಹೋದ್ರು?"

ಶಾರ್ಶೆನ್ ಎಸೆನ್‌ಕುಲ್‌ನನ್ನು ನೋಡಿದ. ಎಸೆನ್‌ಕುಲ್ ನೆಲ ನೋಡಿದ.

"ಅಜ್ಜ... ನೀವು," ಎಂದ.

ತುರ್ದುಬೈ ಗಡ್ಡ ಸವರಿಕೊಂಡರು. "ಯಾವಾಗ?" ಎಂದರು.

ಎಸೆನ್‌ಕುಲ್ ಬೆಳಕಿಂಡಿಯ ಕಡೆ ಕೈ ತೋರಿಸಿದ. ಎಲ್ಲರ ತಲೆಗಳೂ ಮೇಲಕ್ಕೆ ಹೋದವು. ಬುರುಲ್‌ಳ ತಲೆವಸ್ತ್ರ ಉತ್ಸಾಹದಿಂದ ಹಾರಾಡುತ್ತಿತ್ತು. ಅದು ಉತ್ತರ ಧ್ರುವ ಎಂದು ಶಾರ್ಶೆನ್ ವಿವರಿಸಿದ. ಹಿಮ ಇರುವುದರಿಂದ ಬಿಳಿ ಎಂದೂ ಸೇರಿಸಿದ. ಇಂಥ ಹೊತ್ತಿನಲ್ಲಿ ಭೂಗೋಳಕ್ಕೆ ಸಿಗಬೇಕಾದ ಗೌರವ ಸಿಗುವುದಿಲ್ಲ. ಬುರುಲ್ ಸೌಟು ಹಿಡಿದೇ ಹತ್ತಿರ ಬಂದು, ಮನೆಯಲ್ಲಿ ನಿಮಗೆ ಬೇರೆ ಬಟ್ಟೆಯೇ ಕಾಣಲಿಲ್ಲವೇ, ಕುರಿ ಕೊಯ್ದು ಆಯಿತಲ್ಲ, ಈಗ ಅದನ್ನು ಎದ್ದು ನಡೆ ಅನ್ನಲಾ ಎಂದಳು. ಶಾರ್ಶೆನ್ ಕೋಲು ಇಳಿಸಲು ಒಳಗೆ ಹೊರಟ.

"ನಿಲ್ಲೋ," ಎಂದರು ತುರ್ದುಬೈ. ಅವರ ಕಣ್ಣು ಬಂದವರ ಮುಖಗಳ ಮೇಲೆ ಒಂದೊಂದಾಗಿ ಓಡುತ್ತಿತ್ತು. "ಮೇಲಿನ ಕಣಿವೆ ಸಾರಿಬೈ ಬಂದಿಲ್ವಾ?"

ಅಜ್ಜನಿಗೂ ಸಾರಿಬೈಗೂ ಹಳೆಯ ಜಗಳ. ದಾರಿಯಲ್ಲಿರಬಹುದು ಎಂದು ಯಾರೋ ಅಂದರು.

"ಬರ್ಲಿ ನೋಡೋಣ. ಎಷ್ಟೊತ್ತಿಗೆ ಬರ್ತಾನೆ, ಬಂದು ಏನಂತ ಅಳ್ತಾನೆ, ಕೇಳ್ಬೇಕು ನಾನು. ಬಟ್ಟೆ ಅಲ್ಲೇ ಇರ್ಲಿ. ಬಂದೋರಿಗೆ ಯಾರೂ ಏನೂ ಹೇಳ್ಬೇಡಿ."

ಎಂಬತ್ತೊಂದರ ಹಿರಿಯರ ಮಾತು ಮೀರುವವರು ಅಲ್ಲಿ ಯಾರೂ ಇರಲಿಲ್ಲ. ಅಜ್ಜ ಗುಡಾರದ ಹಿಂದಿನ ನೆರಳಿನಲ್ಲಿ ಹಾಸು ಹಾಕಿಸಿಕೊಂಡು, ಒಂದು ಬಟ್ಟಲು ಕುದುರೆಹಾಲು ತರಿಸಿಕೊಂಡು, ಕಿವಿಗೊಟ್ಟು ಕೂತರು. ಆಮೇಲೆ ಬಂದ ಐವರು ಅವರನ್ನು ಹೊಗಳಿ ಅತ್ತರು. ಅವರಲ್ಲೊಬ್ಬ ಅಜ್ಜನ ಉದಾರತನವನ್ನು ನೆನೆದಾಗ ಅಜ್ಜನಿಗೇ ಆಶ್ಚರ್ಯವಾಗಿ ಕೆಮ್ಮು ಬಂತು.

ಸಾರಿಬೈಗೆ ಕಾಯುತ್ತಿದ್ದವರ ಮುಂದೆ ಬಂದು ನಿಂತದ್ದು ಒಂದು ಬೂದುಬಣ್ಣದ ಜೀಪು. ಬಾಗಿಲಲ್ಲಿ ಜಿಲ್ಲಾ ಕಚೇರಿಯ ಅಕ್ಷರಗಳಿದ್ದವು. ಐವತ್ತರ ಆಸುಪಾಸಿನ ಹೆಂಗಸು ಕೈಯಲ್ಲಿ ಕಾಗದದ ಚೀಲ ಹಿಡಿದು ಇಳಿದರು. ಶಾಲೆಗಳ ತನಿಖಾಧಿಕಾರಿ ರಯ್ಕಾನ್. ಹಾರುವ ಬಿಳಿ ನೋಡಿದರು, ಸಾಲಾಗಿ ಕಟ್ಟಿದ ಕುದುರೆ ನೋಡಿದರು, ಕೋಲಿಗೆ ಒರಗಿದ ಗಂಡಸರನ್ನು ನೋಡಿದರು. ಚೀಲವನ್ನು ಸೀಟಿನ ಮೇಲಿಟ್ಟು, ಕುತ್ತಿಗೆಯ ವಸ್ತ್ರವನ್ನು ತಲೆಗೆ ಕಟ್ಟಿಕೊಂಡರು. ಅಧಿಕಾರಿಯಾದರೂ ಈ ಬೆಟ್ಟದವರೇ. ಸಾವಿನ ಗುಡಾರದ ಮುಂದೆ ನಿಂತು ಕಾಗದ ಕೇಳುವವರಲ್ಲ. ಹೆಂಗಸರು ಹೊರಗೆ ನಿಲ್ಲುವ ವಾಡಿಕೆಯಿಲ್ಲವಾದ್ದರಿಂದ, ಯಾರಾದರೂ ಬಾಯಿ ತೆರೆಯುವ ಮೊದಲೇ ತಲೆ ತಗ್ಗಿಸಿ, ಅಳು ಆರಂಭಿಸಿ ಒಳಗೆ ನಡೆದುಬಿಟ್ಟರು.

ಜಿಪಾರ್ ನಾಲ್ಕು ಸಲ ಹತ್ತಿ ಇಳಿದ ಕಚೇರಿಯ ಮೆಟ್ಟಿಲುಗಳು ಶಾರ್ಶೆನ್‌ನ ಕಣ್ಣ ಮುಂದೆ ಹಾದವು. ಅವನು ಕೋಲು ಬಿಟ್ಟು ಅವರ ಹಿಂದೆಯೇ ಒಳಹೊಕ್ಕ.

ಬಿಸಿಲಿನಿಂದ ಬಂದವರಿಗೆ ಒಳಗೆ ಕತ್ತಲು. ರಯ್ಕಾನ್ ವಾಡಿಕೆಯಂತೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಬೆನ್ನ ಹಿಂದೆ ಒಂಬತ್ತು ಮಕ್ಕಳು ಕೋಲಿನ ಸುತ್ತ ಕಣ್ಣು ಮುಚ್ಚಿ ನಿಂತದ್ದು ಅವರಿಗೆ ಕಾಣಲಿಲ್ಲ. ಮಕ್ಕಳಿಗೆ ರಾತ್ರಿ ಮುಗಿದಿದೆ ಎಂದು ಯಾರೂ ಹೇಳಿರಲಿಲ್ಲ. ಅಳುವ ಹೆಂಗಸನ್ನು ನಡುವೆ ತಡೆಯುವಂತಿಲ್ಲ, ಅವಳಾಗಿ ಇಳಿಸಬೇಕು. ಶಾರ್ಶೆನ್ ಬಾಗಿಲ ಬಳಿ ನಿಂತ.

ಮೊದಲು ಎಲ್ಲರೂ ಹೇಳುವ ಮಾತುಗಳೇ ಬಂದವು. ಎತ್ತರದ ಬೆಟ್ಟ, ಕುಲದ ನೆರಳು. ಎರಡು ಸಾಲು ಹೇಳಿದ ಮೇಲೆ ದನಿ ಒಮ್ಮೆ ನಿಂತಿತು. ಮತ್ತೆ ಶುರುವಾದಾಗ ಅದು ಬೇರೆ ದನಿ, ತಗ್ಗಿದ್ದು, ರಾಗ ತಪ್ಪಿದ್ದು.

"ಅಪ್ಪಾ, ನೀನು ಹೋದಾಗ ದಾರೀನ ಹಿಮ ಮುಚ್ಚಿತ್ತು. ನಾನು ಬರೋ ಹೊತ್ತಿಗೆ ಏಳನೇ ದಿನದ ಊಟಾನೂ ಮುಗಿದಿತ್ತು. ಎಲ್ಲರ ಅಳು ಮುಗಿದಿತ್ತು. ಒಬ್ಬಳೇ ಹೇಗೆ ಅಳ್ಲಿ ಅಂತ ತಟ್ಟೆ ತೊಳೆದಿಟ್ಟು ವಾಪಸ್ ಹೋದೆ. ಮಾರನೇ ದಿನ ಕಚೇರಿಗೂ ಹೋದೆ."

ಶಾರ್ಶೆನ್ ನೆಲ ನೋಡಿದ. ಹೊರಗೆ ಹೋಗಬೇಕೆನಿಸಿತು, ಬಾಗಿಲ ಪರದೆ ಎತ್ತಿದರೆ ಬೆಳಕು ಅವರ ಮೇಲೆ ಬೀಳುತ್ತಿತ್ತು. ನಿಂತೇ ಇದ್ದ. ಚಳಿಗಾಲದಿಂದ ಕಾದಿದ್ದ ಅಳು ಅದು. ಮುಗಿಯಲು ಅದರದೇ ಸಮಯ ತೆಗೆದುಕೊಂಡಿತು.

ಕೊನೆಗೆ ಅವರು ಮೂಗು ಒರೆಸಿಕೊಂಡು ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಮೀರಿಮ್‌ಳ ದನಿ ಬಂತು.

"ತಾತ, ಇನ್ನೂ ರಾತ್ರೀನಾ?"

ರಯ್ಕಾನ್ ತಿರುಗಿದರು. ಕಣ್ಣು ಕತ್ತಲಿಗೆ ಹೊಂದಿಕೊಂಡಿತ್ತು. ಒಂದು ಕೋಲು, ಅದರ ಸುತ್ತ ಕಣ್ಣು ಮುಚ್ಚಿದ ಒಂಬತ್ತು ಮಕ್ಕಳು, ಒಬ್ಬನ ಗಲ್ಲದ ಮೇಲೆ ಮೊಸರಿನ ಪುಡಿ.

"ಅಕ್ಕ, ಯಾರೂ ಸತ್ತಿಲ್ಲ," ಎಂದ ಶಾರ್ಶೆನ್. "ಇದು... ಭೂಮಿ."

ರಯ್ಕಾನ್ ಎದ್ದು ವಸ್ತ್ರವನ್ನು ತಲೆಯಿಂದ ಬಿಚ್ಚಿ ಕುತ್ತಿಗೆಗೆ ಸುತ್ತಿಕೊಂಡರು. ಜೀಪಿನಿಂದ ಚೀಲ ತರಿಸಿ ಹಾಳೆ ತೆಗೆದು, ಒಂದು ಪುಟ್ಟ ಹಾಸಿಗೆಯ ಮೇಲೆ ಕೂತು, "ಪಾಠ ಮುಂದುವರಿಸಿ," ಎಂದರು.

ಮಕ್ಕಳಿಗೆ ಬೆಳಗಾಯಿತು. ದಿನಗಳು ಒಂದಾದ ಮೇಲೊಂದು ತಿರುಗಿದವು. ತನಿಖಾಧಿಕಾರಿ ಮೀರಿಮ್‌ಳನ್ನು ಕರೆದು, ಹಗಲು ಯಾಕಾಗುತ್ತೆ ಎಂದು ಕೇಳಿದರು. ನಾವು ತಿರುಗ್ತೀವಲ್ಲ, ಅದಕ್ಕೆ ಎಂದಳು. ಚಳಿಗಾಲ ಯಾಕಾಗುತ್ತೆ ಎಂದು ಕೇಳಿದರು. ಅದನ್ನು ತಾತ ಇನ್ನೂ ಹೇಳಿಲ್ಲ ಎಂದಳು. ಎಲ್ಲರೂ ತಾತನನ್ನು ನೋಡಿದರು.

ಶಾರ್ಶೆನ್ ಕೋಲಿನ ಕಟ್ಟು ನೋಡಿದ. ಚಳಿಗಾಲ ಬರಬೇಕಾದರೆ ಭೂಮಿ ಸಮೋವಾರಿನ ಸುತ್ತ ಹೋಗಬೇಕು. ಭೂಮಿಯ ಕೋಲು ಗುಡಾರಕ್ಕೆ ಕಟ್ಟಿದೆ. ಸಮೋವಾರನ್ನೇ ಸುತ್ತಿಸಿದರೆ ಪಾಠ ತಲೆಕೆಳಗು. ಗುಡಾರ ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಅರ್ಧ ದಿನ ಬೇಕು ಎಂದು ಒಪ್ಪಿಕೊಂಡ. ಬಾಗಿಲಲ್ಲಿ ಇಣುಕುತ್ತಿದ್ದ ಎಸೆನ್‌ಕುಲ್, ಅದೇನು ದೊಡ್ಡ ವಿಷಯ, ಮಾಂಸ ಬೇಯೋ ತನಕ ನಾವೂ ಸುಮ್ಮನೇ ಕೂತಿದ್ದೀವಲ್ಲ ಎಂದ. ಕೆಸರಾದಾಗ ನಿಂತ ಗುಡಾರವನ್ನೇ ಎತ್ತಿ ಪಕ್ಕಕ್ಕಿಡುವುದು ಅವರಿಗೆ ಮಾಮೂಲು ಕೆಲಸ. ಸತ್ತವರಿಲ್ಲದ ಸಾವಿಗೆ ಬಂದು ಮುಜುಗರಪಡುತ್ತಿದ್ದ ಗಂಡಸರಿಗೆ ಮಾಡಲು ಏನಾದರೊಂದು ಬೇಕಿತ್ತು.

ಸಮೋವಾರನ್ನು ಹೊರಗಿನ ಹುಲ್ಲಿನ ಮೇಲೆ ಇಟ್ಟರು. ಒಳಗಿನ ಒಲೆ, ಹಾಸಿಗೆ, ಬಟ್ಟಲು ತೆಗೆದರು. ಗೋಡೆಯ ಉಣ್ಣೆಹಾಸನ್ನು ಮೊಣಕಾಲ ಮೇಲಕ್ಕೆ ಸುತ್ತಿದರು. ಇಪ್ಪತ್ತಮೂರು ಜನ ಜಾಲರಿಗೆ ಕೈಹಾಕಿ ಎತ್ತಿದಾಗ ಭೂಮಿ ನೆಲ ಬಿಟ್ಟಿತು. ಒಳಗೆ ಮಕ್ಕಳು ತಿರುಗುತ್ತ, ಹೊರಗೆ ಗುಡಾರ ಹೆಜ್ಜೆ ಹೆಜ್ಜೆಯಾಗಿ ಸಮೋವಾರನ್ನು ಸುತ್ತುತ್ತ ಹೊರಟಿತು. ಬಾಗಿಲನ್ನು ಸಮೋವಾರಿನ ಕಡೆ ತಿರುಗಿಸುವುದಾ ಎಂದು ಹಿಂದಿನವರು ಕೂಗಿ ಕೇಳಿದರು. ಬೇಡ, ಕೋಲು ಎಲ್ಲಿ ಹೋದರೂ ಗೂಟದ ಕಡೆಗೇ ಇರಬೇಕು, ಗುಡಾರದ ಮುಖ ತಿರುಗಬಾರದು ಎಂದು ಶಾರ್ಶೆನ್ ಕೋಲಿನ ಬುಡ ಹೊತ್ತು ನಡೆಯುತ್ತ ಕೂಗಿದ. ಹಾಗೆ ಹೇಳಿದ್ದು ಯಾಕೆಂದು ಅವನಿಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಮೀರಿಮ್‌ಗೆ ಗೊತ್ತಾಯಿತು. ಗುಡಾರ ಸಮೋವಾರಿನ ದಕ್ಷಿಣಕ್ಕೆ ಬಂದಾಗ ಕೋಲಿನ ತಲೆ ಅದರತ್ತ ಬಾಗಿತ್ತು.

"ಈಗ ತಲೆ ಬಿಸಿ ಕಾಯಿಸ್ಕೋತಿದೆ," ಎಂದಳು. "ಈಗ ನಾವು ಮೇಲೆ, ಹುಲ್ಲುಗಾವಲಲ್ಲಿ."

ಗಂಡಸರು ಏದುಸಿರು ಬಿಡುತ್ತ ಅರ್ಧ ವರ್ಷ ನಡೆದು ಉತ್ತರಕ್ಕೆ ತಲುಪಿದರು. ಕೋಲಿನ ತಲೆ ಸಮೋವಾರಿನಿಂದ ಆಚೆ ವಾಲಿತ್ತು.

"ಈಗ ಚಳಿ. ಈಗ ಕೆಳಗೆ, ಊರಿಗೆ."

ರಯ್ಕಾನ್ ಪಕ್ಕದಲ್ಲೇ ನಡೆಯುತ್ತ ಬರೆಯುತ್ತಿದ್ದರು. ನೆರಳು ಕಳೆದುಕೊಂಡ ತುರ್ದುಬೈ ಅಜ್ಜ ಸಮೋವಾರಿನ ಪಕ್ಕ ಹಾಸು ಹಾಕಿಸಿಕೊಂಡು, ತನ್ನ ಸಾವಿಗೆ ಬಂದವರೆಲ್ಲ ಗುಡಾರ ಹೊತ್ತು ತನ್ನನ್ನು ಸುತ್ತುವುದನ್ನು ತೃಪ್ತಿಯಿಂದ ನೋಡುತ್ತಿದ್ದರು. ಎರಡನೆಯ ವರ್ಷ ಶುರುವಾಗುವಾಗ ಸಾರಿಬೈ ಬಂದ. ದೂರದಿಂದಲೇ ಅಳುತ್ತ ಬಂದವನು ನಡೆಯುವ ಗುಡಾರವನ್ನೂ ಚಹಾ ಕುಡಿಯುವ ಹೆಣವನ್ನೂ ಕಂಡು ಕುದುರೆ ನಿಲ್ಲಿಸಿದ. ತಡವಾಗಿ ಬಂದದ್ದಕ್ಕೆ ಶಿಕ್ಷೆಯೆಂದು ಅಜ್ಜ ಅವನನ್ನು ಜಾಲರಿಗೆ ಹಚ್ಚಿದರು.

ಊಟದ ಹೊತ್ತಿಗೆ ರಯ್ಕಾನ್ ಹಾಳೆ ತುಂಬಿಸಿದ್ದರು. 'ಪಾಠೋಪಕರಣಗಳು' ಎಂಬಲ್ಲಿ ಅವರು ಬರೆದದ್ದು: ಕೋಲು ಒಂದು, ಸಮೋವಾರ್ ಒಂದು, ಗಂಡಸರು ಇಪ್ಪತ್ತನಾಲ್ಕು. ಶಾಲೆ ಇಲ್ಲದಾಗ ಮಕ್ಕಳು ಎಲ್ಲಿರುತ್ತಿದ್ದವು ಎಂದು ಕೇಳಿದರು. ಬುರುಲ್ ಕೈಯೆತ್ತಿ ಹೊಳೆ ತೋರಿಸಿದಳು. ಎಸೆನ್‌ಕುಲ್ ಇನ್ನೂರು ಹೆಜ್ಜೆ ಕೆಳಗಿನ ಬಂಡೆ ತೋರಿಸಿದ. ಅವರು ಎದ್ದು ಹೋಗಿ ಆ ಬಂಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದು, ಇನ್ನೆರಡು ಸಾಲು ಬರೆದರು. ಹಾಳೆಯ ಒಂದು ಪ್ರತಿಯನ್ನು ಶಾರ್ಶೆನ್ ಕೈಗೆ ಕೊಟ್ಟರು.

ಜೀಪಿನ ಬಾಗಿಲು ತೆರೆದು ನಿಂತು, "ನಾನು ಬಂದಾಗ ಒಳಗೆ..." ಎಂದರು.

"ಬಿಸಿಲಿಂದ ಬಂದ್ರೆ ಒಳಗೆ ಏನೂ ಕಾಣಲ್ಲ ಅಕ್ಕ," ಎಂದ ಶಾರ್ಶೆನ್. "ನಂಗೂ ಹಾಗೇ."

ಅವರು ಅವನ ಮುಖ ನೋಡಿ, ತಲೆಯಾಡಿಸಿ, ಹತ್ತಿ ಕೂತರು.

ಸಂಜೆಯ ಲಾರಿಯಲ್ಲಿ ಜಿಪಾರ್ ಮರಳುವಷ್ಟರಲ್ಲಿ ದಾರಿಯ ಮೂರು ಕಡೆ ಮೂರು ಕಥೆ ಕೇಳಿದ್ದಳು. ಒಂದರಲ್ಲಿ ತುರ್ದುಬೈ ಸತ್ತು ಎದ್ದಿದ್ದರು, ಒಂದರಲ್ಲಿ ಶಾಲೆ ಗಾಳಿಗೆ ಹಾರಿಹೋಗಿತ್ತು, ಮೂರನೆಯದರಲ್ಲಿ ಅವಳ ಮಾವ ಗೂಟ ನೆಟ್ಟು ಭೂಮಿಯನ್ನು ನಿಲ್ಲಿಸಿದ್ದ. ಓಡುತ್ತ ಬಂದವಳು ಹಾಳೆಯನ್ನು ಮೊದಲು ನಿಂತು ಓದಿದಳು, ಆಮೇಲೆ ಕೂತು ಓದಿದಳು. ಕೊನೆಯ ಸಾಲಿನಲ್ಲಿ, ಈ ಶಾಲೆಯನ್ನು ಮುಂದಿನ ಬೇಸಿಗೆಗಳಲ್ಲೂ ಮುಂದುವರಿಸತಕ್ಕದ್ದು ಎಂದಿತ್ತು. ಬೇಸಿಗೆ ಎಂಬುದಕ್ಕೆ ಬಹುವಚನ ಹಾಕಿದ್ದನ್ನು ಬೆರಳಿಟ್ಟು ಎರಡು ಸಲ ನೋಡಿದಳು. ಉಬ್ಬಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಅತ್ತಳು, ಸ್ವಲ್ಪ ನಕ್ಕಳು, ಎರಡೂ ನೋಯಿಸಿದವು.

"ಮಾವ, ಅವ್ರು ಇಡೀ ಕಚೇರೀಲಿ ಎಲ್ಲರಿಗಿಂತ ಗಟ್ಟಿ ಹೆಂಗಸು. ಮೊದಲ್ನೇ ಸಲಕ್ಕೆ ಯಾರನ್ನೂ ಪಾಸ್ ಮಾಡಿದವರಲ್ಲ. ನೀವು ಏನು ಹೇಳಿದ್ರಿ ಅವ್ರಿಗೆ?"

ಉಳಿದ ಮಾಂಸಕ್ಕೆಂದು ಉಳಿದಿದ್ದವರೆಲ್ಲ ಅವನತ್ತ ತಿರುಗಿದರು. ರಯ್ಕಾನ್ ಒಳಗೆ ಹೋಗಿ ಅಷ್ಟು ಹೊತ್ತು ಏನು ಮಾಡಿದರು ಎಂಬುದು ಎಸೆನ್‌ಕುಲ್‌ಗೂ ತಿಳಿಯಬೇಕಿತ್ತು. ಅಂದಿನ ದಿನದ ಎಲ್ಲ ಕಥೆಗಳನ್ನೂ ಹಿಂದೆ ಹಾಕುವಂಥದ್ದು ಶಾರ್ಶೆನ್‌ನ ಬಾಯಲ್ಲಿತ್ತು. ಬಾಯಿ ತೆರೆದ.

"ನಾನೇನೂ ಹೇಳ್ಲಿಲ್ಲಮ್ಮ," ಎಂದ. "ಮಕ್ಕಳೇ ಹೇಳಿದ್ರು. ಹಲ್ಲು ಕಿತ್ತರಾ, ಇಲ್ವಾ?"

ಜಿಪಾರ್ ಹಲ್ಲಿನ ಕಥೆ ಶುರುಮಾಡಿದಳು. ಗುಡಾರದ ಕತ್ತಲಲ್ಲಿ ಕೇಳಿಸಿಕೊಂಡದ್ದನ್ನು ಯಾರಿಗೂ, ಬುರುಲ್‌ಗೂ ಕೂಡ, ಹೇಳಕೂಡದೆಂದು ತೀರ್ಮಾನಿಸಿ ಶಾರ್ಶೆನ್ ತನ್ನ ಬಟ್ಟಲನ್ನು ಚಹಾಕ್ಕೆ ಮುಂದೆ ಚಾಚಿದ.